ಬ್ಲಿಟ್ಜ್ ಬಂದಾಗ ಚೆಂಡು ಎಲ್ಲಿಗೆ?

ಹೋದ ಸೀಸನ್‌ನ ಒಂದು ಗುರುವಾರ ಸಂಜೆ. ನಾವಿರುವುದು ಡಾಲಸ್ ಪಕ್ಕದ ಊರಿನಲ್ಲಿ. ಮಗ ಹೈಸ್ಕೂಲಿನ ಜೆವಿ, ಅಂದರೆ ಎರಡನೇ ಹಂತದ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆದು ಆಟ ನಡೆಸುವವನು. ಮೂರನೇ ಡೌನ್, ಅಂದರೆ 10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು. ಇನ್ನೂ 8 ಯಾರ್ಡ್ ಬೇಕು. ಸೈಡ್‌ಲೈನಿನಿಂದ ಬಂದ ಪ್ಲೇ (ಯಾರು ಎಲ್ಲಿಗೆ ಓಡಬೇಕು ಅನ್ನುವ ಯೋಜನೆ) ಏನಪ್ಪಾ ಅಂದರೆ, ಚೆಂಡು ಹಿಡಿಯುವ ನಾಲ್ಕೂ ಜನ ರಿಸೀವರ್‌ಗಳು ನೆಟ್ಟಗೆ ಉದ್ದಕ್ಕೆ ಓಡುವುದು. ಎದುರಿನವರು ಮಗನ ಮೇಲೆ ಆರು ಜನರನ್ನು ನುಗ್ಗಿಸಿದರು. ಮಾಮೂಲಿಗಿಂತ ಹೆಚ್ಚು ಜನ ಹೀಗೆ ನುಗ್ಗುವುದೇ ಬ್ಲಿಟ್ಜ್. ಮಗ ತಲೆ ಎತ್ತುವಷ್ಟರಲ್ಲಿ ನೆಲದ ಮೇಲಿದ್ದ. ಮುಂದಿನ ಸಲ ಚೆಂಡು ನಮಗೆ ಸಿಕ್ಕಾಗಲೂ ಅದೇ ಕಥೆ. ಅದರ ಮುಂದಿನ ಸಲವೂ ಅದೇ. ನಾನು ಗ್ಯಾಲರಿಯ ತುದಿಯಲ್ಲಿ ಕೂತು ವಿಡಿಯೊ ತೆಗೆಯುತ್ತಿದ್ದೆ. ಈಗಲೂ ಆ ವಿಡಿಯೊದಲ್ಲಿ ನನ್ನ ದನಿ ಕೇಳುತ್ತದೆ: "ಅಯ್ಯೋ, ಅವನ ಹಿಂದೆ ಖಾಲಿ ಇದ್ಯಲ್ಲೋ!"

ನಾನು ಕೋಚ್ ಅಲ್ಲ. ಮಂಡ್ಯದವಳು, ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ, ಲೆಫ್ಟ್ ಕಾರ್ನರ್. ಈ ಊರಿಗೆ ಬಂದ ಹೊಸದರಲ್ಲಿ ಟಿವಿಯಲ್ಲಿ ಕಾರ್ನರ್, ಕವರ್ ಅಂತ ಕೇಳಿದಾಗ ಖುಷಿಯಾಗಿತ್ತು. ಆಮೇಲೆ ಗೊತ್ತಾಯಿತು, ಇಲ್ಲಿ ಆ ಪದಗಳ ಅರ್ಥವೇ ಬೇರೆ. ಆದರೆ ಒಂದು ವಿಷಯ ಎರಡೂ ಕಡೆ ಒಂದೇ. ಕಬಡ್ಡಿಯಲ್ಲಿ ಕಾರ್ನರ್ ಆತುರಪಟ್ಟು ರೈಡರ್‌ನ ಕಾಲಿಗೆ ಬಿದ್ದಳು ಅಂದರೆ ಅವಳು ನಿಂತಿದ್ದ ಜಾಗ ಖಾಲಿ. ಬುದ್ಧಿವಂತ ರೈಡರ್ ಅವಳನ್ನು ನೋಡುವುದಿಲ್ಲ, ಆ ಜಾಗವನ್ನು ನೋಡುತ್ತಾಳೆ. ಅಂಥ ರೈಡರ್‌ಗಳಿಂದ ನಾನು ಎಷ್ಟು ಸಲ ಮಣ್ಣು ಮುಕ್ಕಿದ್ದೇನೋ ಲೆಕ್ಕವಿಲ್ಲ. ಆ ಅನುಭವ ಇಲ್ಲಿ ಕೆಲಸಕ್ಕೆ ಬಂತು.

ಆ ರಾತ್ರಿ ಊಟದ ಟೇಬಲ್ ಮೇಲೆ 11 ಕಡಲೆಬೀಜ, 11 ಹುರಿಗಡಲೆ ಹರಡಿಕೊಂಡು ಕೂತೆವು. ಬೀಜ ನಮ್ಮವರು, ಹುರಿಗಡಲೆ ಡಿಫೆನ್ಸ್. ಅಮೆರಿಕನ್ ಫುಟ್‌ಬಾಲ್ ನೋಡುವವರು, ಮಕ್ಕಳನ್ನು ಆಡಿಸುವವರು, ಮ್ಯಾಡನ್ ವಿಡಿಯೊ ಗೇಮಿನಲ್ಲಿ ಬ್ಲಿಟ್ಜ್‌ಗೆ ಸಿಕ್ಕಿ ಒದ್ದಾಡುವವರು ಎಲ್ಲರಿಗೂ ಇದೇ ಪಾಠ ಸಾಕು.

ಮೊದಲು ಲೆಕ್ಕ

ಡಿಫೆನ್ಸ್‌ನಲ್ಲಿ 11 ಜನ. ನಮ್ಮ ಕಡೆ ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ಪಾಸ್ ಹಿಡಿಯಬಹುದಾದವರು 5 ಜನ, ಲೈನ್ ತುದಿಯಲ್ಲಿ ನಿಲ್ಲುವ ಟೈಟ್ ಎಂಡ್, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎಲ್ಲ ಸೇರಿ. ಮ್ಯಾನ್ ಕವರೇಜ್ ಅಂದರೆ ಇವರಲ್ಲಿ ಒಬ್ಬೊಬ್ಬರ ಬೆನ್ನಿಗೆ ಒಬ್ಬೊಬ್ಬ. ಅಲ್ಲಿಗೆ 5 ಹುರಿಗಡಲೆ ಖರ್ಚು. ಉಳಿದದ್ದು 6.

ಆ ಆರರಲ್ಲಿ ಒಬ್ಬ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದಿನ ಕಾವಲುಗಾರ, ಹಿಂದೆ ನಡುಮಧ್ಯ ನಿಂತರೆ ನುಗ್ಗಲು 5 ಜನ. ಇದಕ್ಕೆ ಕವರ್ ಒನ್ ಅನ್ನುತ್ತಾರೆ. ಹಿಂದೆ ಯಾರೂ ಬೇಡ ಅಂದರೆ ನುಗ್ಗಲು 6 ಜನ, ಅದು ಕವರ್ ಝೀರೊ. ಇಬ್ಬರು ಹಿಂದೆ ನಿಂತರೆ 4 ಜನ ಮಾತ್ರ ನುಗ್ಗುತ್ತಾರೆ, ಅದು ಟೂ ಮ್ಯಾನ್. ಮಾಮೂಲಿ ನುಗ್ಗುವವರು 4. ಐದನೆಯವನು ಬಂದರೆ ಬ್ಲಿಟ್ಜ್.

ಹಾಗಾಗಿ ಬ್ಲಿಟ್ಜ್ ಮತ್ತು ಮ್ಯಾನ್ ಅಣ್ಣತಮ್ಮಂದಿರ ಥರ. ಬಹಳ ಸಲ ಒಟ್ಟಿಗೇ ಬರುತ್ತವೆ. ಬರದೇ ಇರುವುದೂ ಉಂಟು, ಅದನ್ನು ಆಮೇಲೆ ಹೇಳುತ್ತೇನೆ. ಅದೇ ಜಾಸ್ತಿ ಅಪಾಯ.

ಈಗ ನಮ್ಮ ಕಡೆ. ಲೈನ್‌ನಲ್ಲಿ ಬ್ಲಾಕ್ ಮಾಡುವವರು, ಅಂದರೆ ನುಗ್ಗುವವರಿಗೆ ಅಡ್ಡ ನಿಲ್ಲುವವರು, 5. ರನ್ನಿಂಗ್ ಬ್ಯಾಕ್‌ನನ್ನೂ ನಿಲ್ಲಿಸಿಕೊಂಡರೆ 6. ಆರಕ್ಕೆ ಆರು ಸರಿಹೋಯಿತಲ್ಲ ಅಂದುಕೊಂಡೆ ನಾನು. ಮಗ ನಕ್ಕು, ಇನ್ನೊಂದು ಹುರಿಗಡಲೆಯನ್ನು ಮುಂದೆ ತಳ್ಳಿದ. ಆ ರನ್ನಿಂಗ್ ಬ್ಯಾಕ್‌ನನ್ನು ಕಾಯಬೇಕಿದ್ದವನು, ಇವನು ಎಲ್ಲೂ ಓಡುತ್ತಿಲ್ಲ ಅಂತ ಕಂಡ ಕೂಡಲೇ ತಾನೂ ಒಳಗೆ ನುಗ್ಗುತ್ತಾನೆ. ಆಗ 7. ನೀವು ಎಷ್ಟು ಜನರನ್ನು ಹಿಂದೆ ಇಟ್ಟುಕೊಂಡರೂ ಕವರ್ ಝೀರೊದಲ್ಲಿ ಅವರ ಹತ್ತಿರ ಒಬ್ಬ ಹೆಚ್ಚೇ ಇರುತ್ತಾನೆ. ಈ ಹೆಚ್ಚಿನ ಒಬ್ಬನನ್ನು ಬ್ಲಾಕ್ ಮಾಡಿ ಸೋಲಿಸಲು ಆಗುವುದಿಲ್ಲ, ಬೇಗ ಎಸೆದೇ ಸೋಲಿಸಬೇಕು. ಅರ್ಧ ಪಾಠ ಇಲ್ಲಿಗೇ ಮುಗಿಯಿತು.

ಎಷ್ಟು ಬೇಗ? ನಾನು ಸ್ಟಾಪ್‌ವಾಚ್ ಇಟ್ಟುಕೊಂಡು ನೋಡಿದ್ದೇನೆ. ಯಾರೂ ತಡೆಯದೆ ಬಿಟ್ಟವನು ಕ್ವಾರ್ಟರ್‌ಬ್ಯಾಕ್ ಮುಟ್ಟಲು 2 ಸೆಕೆಂಡ್ ಸಾಕು. ವಾಚ್ ಇಲ್ಲದಿದ್ದರೂ ಪರವಾಗಿಲ್ಲ. ಸ್ನ್ಯಾಪ್ ಆದ ಕೂಡಲೇ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟು ಆಟ ಶುರುವಾದ ಕೂಡಲೇ, ರೈಡ್‌ಗೆ ಹೋದವರ ಹಾಗೆ ಕಬಡ್ಡಿ, ಕಬಡ್ಡಿ ಅನ್ನಲು ಶುರು ಮಾಡಿ. ನಾಲ್ಕನೇ ಕಬಡ್ಡಿ ಬಾಯಿಂದ ಬರುವಷ್ಟರಲ್ಲಿ ಚೆಂಡು ಕೈಬಿಟ್ಟಿರಬೇಕು. ಅಷ್ಟರಲ್ಲಿ ಯಾವ ರಿಸೀವರ್ ತಿರುಗಿ ಚೆಂಡಿಗೆ ಮುಖ ಮಾಡಿರುತ್ತಾನೋ ಅಂಥವನು ಇರುವ ಪ್ಲೇ ಮಾತ್ರ ಬ್ಲಿಟ್ಜ್‌ಗೆ ಸರಿ. ಅವತ್ತು ನಮ್ಮವರು ಕರೆದ ಪ್ಲೇಯಲ್ಲಿ ಏಳನೇ ಕಬಡ್ಡಿವರೆಗೂ ಯಾರೂ ತಿರುಗುತ್ತಿರಲಿಲ್ಲ.

ಸ್ನ್ಯಾಪ್‌ಗೆ ಮುಂಚೆ ಏನು ನೋಡಬೇಕು

ನಾನು ಮಗನಿಗೆ ಹೇಳುವುದು ಹಿಂದಿನಿಂದ ಮುಂದಕ್ಕೆ ನೋಡು ಅಂತ. ಮೊದಲು ಸೇಫ್ಟಿಗಳು. ಇಬ್ಬರು ಹಿಂದೆ ಆಳದಲ್ಲಿದ್ದಾರಾ, ಒಬ್ಬನಾ, ಯಾರೂ ಇಲ್ಲವಾ? ಯಾರೂ ಇಲ್ಲ ಅಂದರೆ ಕವರ್ ಝೀರೊ ಬರುತ್ತಿದೆ ಅಂತಲೇ ಲೆಕ್ಕ. ಸೇಫ್ಟಿ 12 ಯಾರ್ಡ್ ಹಿಂದಿದ್ದವನು ಸ್ನ್ಯಾಪ್ ಹತ್ತಿರ ಬಂದ ಹಾಗೆ ಮೆಲ್ಲಗೆ ಮುಂದೆ ಜಾರಿ 7-8 ಯಾರ್ಡಿಗೆ ಬಂದು, ಒಳಗಿನ ರಿಸೀವರ್‌ನ ನೇರಕ್ಕೆ ನಿಂತನಾ? ಆ ರಿಸೀವರ್‌ನ ಕಾವಲು ಈಗ ಅವನದು ಅಂತ ಅರ್ಥ. ಆ ರಿಸೀವರ್‌ಗೆ ಮೊದಲು ಕಾವಲಿದ್ದವನು ಇನ್ನೆಲ್ಲೋ ಹೊರಟಿದ್ದಾನೆ. ಎಲ್ಲಿಗೆ? ನಿಮ್ಮ ಕಡೆಗೇ.

ಆಮೇಲೆ ಅಂಚಿನ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಗಳ ಕಣ್ಣು. ಕಣ್ಣು ರಿಸೀವರ್‌ನ ಸೊಂಟದ ಮೇಲೆ ನೆಟ್ಟಿದ್ದರೆ ಮ್ಯಾನ್. ಪಕ್ಕಕ್ಕೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನನ್ನು ನೋಡುತ್ತಿದ್ದರೆ ಝೋನ್ ಇರಬಹುದು, ಅಂದರೆ ಆಳನ್ನಲ್ಲ, ಜಾಗವನ್ನು ಕಾಯುವುದು. ಆಮೇಲೆ ಡಿಫೆನ್ಸ್ ಲೈನ್‌ನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳ ಪಾದ. ಬ್ಲಿಟ್ಜ್ ಬರುವವನು ಸುಮ್ನೆ ನಿಲ್ಲಲಾರ. ಒಂದು ಕಾಲು ಹಿಂದೆ ಹೋಗಿರುತ್ತದೆ, ಹಿಮ್ಮಡಿ ಎದ್ದಿರುತ್ತದೆ, ಮೈಭಾರ ಮುಂದಕ್ಕೆ ಬಂದಿರುತ್ತದೆ. ಇದು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಆಂಕಲ್ ಹೋಲ್ಡ್‌ಗೆ ಬೀಳುವ ಮುಂಚೆ ನನ್ನ ಹಿಮ್ಮಡಿಯೂ ಹಾಗೇ ಏಳುತ್ತಿತ್ತು, ನಮ್ಮ ಕೋಚ್ ಮೇಡಂ ಅದಕ್ಕೆ ಬೈಯುತ್ತಿದ್ದರು.

ಇಷ್ಟಾದರೂ ಅನುಮಾನ ಇದ್ದರೆ ಮೋಷನ್. ಒಬ್ಬ ರಿಸೀವರ್‌ನನ್ನು ಸ್ನ್ಯಾಪ್‌ಗೆ ಮುಂಚೆ ಈ ಕಡೆಯಿಂದ ಆ ಕಡೆಗೆ ಓಡಿಸಿ. ಅವನ ಹಿಂದೆಯೇ ಒಬ್ಬ ಡಿಫೆಂಡರ್ ಪೂರ್ತಿ ಓಡಿ ಬಂದರೆ ಬಹುಪಾಲು ಮ್ಯಾನ್. ಯಾರೂ ಓಡದೆ, ಎಲ್ಲರೂ ಒಂದೊಂದು ಹೆಜ್ಜೆ ಸರಿದು ನಿಂತರೆ ಝೋನ್. ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಪ್ಲೇ ಆರಿಸುವುದು ಸುಲಭ. ನಮ್ಮ ತಂಡದಲ್ಲಿ ಈಗ ಮೂರನೇ ಡೌನ್‌ನ ಹೆಚ್ಚುಕಡಿಮೆ ಎಲ್ಲ ಪ್ಲೇಯಲ್ಲೂ ಮೋಷನ್ ಇದೆ.

ಅವರೂ ನಾಟಕ ಆಡುತ್ತಾರೆ ಅನ್ನಿ. ಬರುವ ಹಾಗೆ ಮಾಡಿ ಹಿಂದೆ ಸರಿಯುತ್ತಾರೆ. ಅದಕ್ಕೆ ಕ್ವಾರ್ಟರ್‌ಬ್ಯಾಕ್ ಒಮ್ಮೆ ಜೋರಾಗಿ ಸುಳ್ಳು ಕೂಗು ಹಾಕಿ ನೋಡಬೇಕು. ಬರುವವನಿದ್ದರೆ ಅವನ ಹೆಜ್ಜೆ ತಾನಾಗಿ ಮುಂದೆ ಬೀಳುತ್ತದೆ.

ಬ್ಲಿಟ್ಜ್‌ಗೆ ಏನು ಆರಿಸಬೇಕು

ನನ್ನ ಮೊದಲ ಆಯ್ಕೆ ಸ್ಲ್ಯಾಂಟ್. ಇದಕ್ಕಿಂತ ಹಳೆಯದು, ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. ರಿಸೀವರ್ ಮೂರು ಹೆಜ್ಜೆ ಮುಂದೆ ಹೋಗಿ, ಹೊರಗಿನ ಕಾಲು ಊರಿ, ಒಳಕ್ಕೆ ಓರೆಯಾಗಿ ಕತ್ತರಿಸುತ್ತಾನೆ. ಹೇಳಲು ಸುಲಭ. ಹಿತ್ತಲಿನಲ್ಲಿ ಮಗನೂ ಅವನ ಗೆಳೆಯನೂ ಅಭ್ಯಾಸ ಮಾಡುವಾಗ ನೋಡಿದೆ, ಆ ಹುಡುಗ ನಾಲ್ಕನೇ ಹೆಜ್ಜೆಗೆ ತಿರುಗುತ್ತಿದ್ದ, ಅದೂ ಒಳಗಾಲು ಊರಿ. ದೇಹ ಒಮ್ಮೆ ತೂಗಾಡಿ ಆಮೇಲೆ ತಿರುಗುತ್ತಿತ್ತು. ಅಷ್ಟು ಹೊತ್ತಿಗೆ ಚೆಂಡು ಅವನ ಬೆನ್ನ ಹಿಂದೆ ಹೋಗಿರುತ್ತಿತ್ತು. ತಪ್ಪು ಶುರುವಾಗುತ್ತಿದ್ದದ್ದು ನಿಲ್ಲುವಾಗಲೇ. ಹೊರಗಾಲು ಹಿಂದೆ ಇಟ್ಟು ನಿಂತರೆ ಹೊರ, ಒಳ, ಹೊರ ಅಂತ ಮೂರನೇ ಹೆಜ್ಜೆ ತಾನಾಗೇ ಹೊರಗಾಲಿಗೆ ಬರುತ್ತದೆ. ಹುಲ್ಲಿನ ಮೇಲೆ ಮೂರು ಹಳೇ ಚಪ್ಪಲಿ ಇಟ್ಟೆ, ಒಂದೊಂದು ಹೆಜ್ಜೆಗೆ ಒಂದೊಂದು. ಹತ್ತು ನಿಮಿಷದಲ್ಲಿ ಸರಿಹೋಯಿತು.

ಎಲ್ಲಿಗೆ ಎಸೆಯಬೇಕು? ಬಂದವನು ಬಿಟ್ಟು ಬಂದ ಜಾಗಕ್ಕೆ. ಒಳಗಿನ ರಿಸೀವರ್‌ನ ಎದುರಿದ್ದ ಲೈನ್‌ಬ್ಯಾಕರ್ ನುಗ್ಗಿದರೆ, ಆ ರಿಸೀವರ್‌ನ ಸ್ಲ್ಯಾಂಟ್ ಸರಿಯಾಗಿ ಆ ಖಾಲಿ ಜಾಗಕ್ಕೆ ಬರುತ್ತದೆ. ಅವನು ನುಗ್ಗದೆ ಅಲ್ಲೇ ನಿಂತರೆ ಆ ಕಡೆ ಎಸೆಯಬೇಡಿ, ಚೆಂಡು ಅವನ ಹೊಟ್ಟೆಗೇ ಹೋಗುತ್ತದೆ. ಇನ್ನೊಂದು ಪಕ್ಕ ನೋಡಿ. ಇದನ್ನೇ ಹಾಟ್ ರೂಟ್ ಅನ್ನುವುದು. ಪ್ಲೇ ಯಾವುದೇ ಇರಲಿ, ಬ್ಲಿಟ್ಜ್ ಬಂದರೆ ಯಾರು ತನ್ನ ರೂಟ್ ಬಿಟ್ಟು ಬೇಗ ತಿರುಗಬೇಕು ಅನ್ನುವುದು ಮೊದಲೇ ಮಾತಾಗಿರಬೇಕು. ಕ್ವಾರ್ಟರ್‌ಬ್ಯಾಕ್‌ಗೆ ಕಂಡದ್ದು ರಿಸೀವರ್‌ಗೂ ಕಾಣಬೇಕು. ಒಬ್ಬನಿಗೆ ಕಂಡು ಇನ್ನೊಬ್ಬನಿಗೆ ಕಾಣದಿದ್ದರೆ ಇಂಟರ್‌ಸೆಪ್ಷನ್, ಚೆಂಡು ಎದುರಿನವರ ಕೈಗೆ.

ಕಾರ್ನರ್ ಒಳಗಡೆಗೆ ಸರಿದು ನಿಂತು ಸ್ಲ್ಯಾಂಟ್‌ಗೆ ಅಡ್ಡ ಇದ್ದಾನಾ? ಹಾಗಾದರೆ ಹೊರಗಡೆ ಖಾಲಿ. ಆಗ ಫೇಡ್, ಅಂದರೆ ಅಂಚಿನ ಗೆರೆ ಹಿಡಿದು ಉದ್ದಕ್ಕೆ ಓಡುವುದು, ಚೆಂಡು ಅವನ ಹೊರ ಭುಜದ ಮೇಲಿಂದ ಬೀಳಬೇಕು. ಉದ್ದದ ರೂಟ್ ಆದರೂ ಇದು ಬ್ಲಿಟ್ಜ್‌ಗೆ ನಡೆಯುತ್ತದೆ. ಯಾಕೆಂದರೆ ಕ್ವಾರ್ಟರ್‌ಬ್ಯಾಕ್ ಕಾಯಬೇಕಾಗಿಲ್ಲ, ನಾಲ್ಕನೇ ಕಬಡ್ಡಿಗೆ ಮುಂಚೆಯೇ ಮೇಲಕ್ಕೆ ಎಸೆದುಬಿಡಬಹುದು. ಹಿಂದೆ ಸೇಫ್ಟಿ ಇಲ್ಲವಲ್ಲ.

ಈ ಎರಡನ್ನೂ ಸೇರಿಸಿ ಹೊಲಿದ ಪ್ಲೇ ಒಂದಿದೆ. 2008ರ ಫೆಬ್ರವರಿ 3, ಸೂಪರ್ ಬೌಲ್ 42, ಅಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್. ಆ ಸೀಸನ್‌ನಲ್ಲಿ ಅಲ್ಲಿವರೆಗೆ 18 ಪಂದ್ಯ ಆಡಿ ಹದಿನೆಂಟನ್ನೂ ಗೆದ್ದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ಎದುರಿಗೆ ನ್ಯೂಯಾರ್ಕ್ ಜೈಂಟ್ಸ್. ಕೊನೆಯ ನಿಮಿಷ, ಜೈಂಟ್ಸ್ ಗೋಲ್ ಗೆರೆಗೆ 13 ಯಾರ್ಡ್ ದೂರದಲ್ಲಿ. ಪೇಟ್ರಿಯಟ್ಸ್ ಜೋರು ಬ್ಲಿಟ್ಜ್ ಕಳಿಸಿದರು. ಎಡಗಡೆ ಪ್ಲಾಕ್ಸಿಕೊ ಬರೆಸ್, ಅವನ ಮೇಲೆ ಎಲಿಸ್ ಹಾಬ್ಸ್ ಒಬ್ಬನೇ. ಬರೆಸ್ ಸ್ಲ್ಯಾಂಟ್‌ಗೆ ಹೋಗುವವನ ಹಾಗೆ ಒಳಕ್ಕೆ ಹೆಜ್ಜೆ ಇಟ್ಟ. ಹಾಬ್ಸ್ ನಂಬಿ ಒಳಕ್ಕೆ ಹಾರಿದ. ಬರೆಸ್ ಹೊರಕ್ಕೆ ತಿರುಗಿ ಮೂಲೆಗೆ ಓಡಿದ. ಈಲೈ ಮ್ಯಾನಿಂಗ್ ಎಸೆದ ಚೆಂಡು ಬಂದು ಬೀಳುವಾಗ ಅವನ ಸುತ್ತ ಯಾರೂ ಇಲ್ಲ. ಟಚ್‌ಡೌನ್. 35 ಸೆಕೆಂಡ್ ಬಾಕಿ, ಜೈಂಟ್ಸ್ 17-14 ಮುಂದೆ, ಅದೇ ಕೊನೆಯ ಸ್ಕೋರ್ ಕೂಡ. ಬ್ಲಿಟ್ಜ್ ಬಂದಾಗ ಕಾರ್ನರ್‌ಗೂ ಗೊತ್ತಿರುತ್ತದೆ ಚೆಂಡು ಬೇಗ ಬರುತ್ತದೆ ಅಂತ. ಆ ಆತುರವನ್ನೇ ಉಪಯೋಗಿಸಿಕೊಂಡದ್ದು ಈ ಪ್ಲೇ. ಆದರೆ ಹೈಸ್ಕೂಲ್ ಹುಡುಗರಿಗೆ ಮೊದಲ ಪ್ಲೇ ಆಗಿ ಇದನ್ನು ಕೊಡಬೇಡಿ. ಎರಡು ಸಲ ಸ್ಲ್ಯಾಂಟ್ ಹಿಡಿದು ತೋರಿಸಿದ ಮೇಲೆ ಮಾತ್ರ ಈ ಸುಳ್ಳಿಗೆ ಬೆಲೆ.

ಇನ್ನು ಸ್ಕ್ರೀನ್. ನುಗ್ಗುವವರನ್ನು ನುಗ್ಗಲು ಬಿಟ್ಟು, ಅವರ ತಲೆ ಮೇಲಿಂದ ರನ್ನಿಂಗ್ ಬ್ಯಾಕ್‌ಗೆ ಮೆಲ್ಲಗೆ ಚೆಂಡು ಕೊಡುವುದು, ಮುಂದೆ ಲೈನ್‌ಮನ್‌ಗಳು ದಾರಿ ಬಿಡಿಸುವುದು. ನೋಡಲು ಚೆಂದ. ಆದರೆ ಮ್ಯಾನ್ ಇದ್ದಾಗ ಒಂದು ತೊಡಕಿದೆ: ರನ್ನಿಂಗ್ ಬ್ಯಾಕ್‌ಗೆ ಅಂತಲೇ ಒಬ್ಬ ಕಾವಲಿರುತ್ತಾನೆ, ಅವನು ಅಂಟಿಕೊಂಡೇ ಬಂದುಬಿಡಬಹುದು. ಬ್ಲಿಟ್ಜ್ ಜೊತೆ ಹಿಂದೆ ಝೋನ್ ಇದ್ದರೆ ಸ್ಕ್ರೀನ್ ಜಾಸ್ತಿ ಚೆನ್ನಾಗಿ ನಡೆಯುತ್ತದೆ. ನಮ್ಮ ಕೋಚ್‌ಗೆ ಸ್ಕ್ರೀನ್ ಅಂದರೆ ಪ್ರಾಣ. ನನಗೆ ಅಷ್ಟಕ್ಕಷ್ಟೆ.

ಬ್ಲಿಟ್ಜ್‌ಗೆ ಇನ್ನೊಂದು ಔಷಧಿ ಪ್ಲೇಯಲ್ಲಿಲ್ಲ, ನಿಲ್ಲುವ ರೀತಿಯಲ್ಲಿದೆ. 1985ರ ಷಿಕಾಗೊ ಬೇರ್ಸ್ ತಂಡದ 46 ಡಿಫೆನ್ಸ್ ಹೆಸರು ಕೇಳಿರಬಹುದು. ಅವರ ಡಿಫೆನ್ಸ್ ಕೋಚ್ ಬಡ್ಡಿ ರಯನ್ ಕಟ್ಟಿದ್ದು. 46 ಅಂದರೆ ಯಾವುದೋ ಲೆಕ್ಕ ಅಂದುಕೊಂಡಿದ್ದೆ, ಅದು ಡಗ್ ಪ್ಲ್ಯಾಂಕ್ ಅನ್ನುವ ಆಟಗಾರನ ಜೆರ್ಸಿ ನಂಬರ್ ಅಷ್ಟೆ. ಆ ಸೀಸನ್‌ನಲ್ಲಿ ಅವರು ಸೋತದ್ದು ಒಂದೇ ಪಂದ್ಯ, ಡಿಸೆಂಬರ್ 2ರಂದು ಮಯಾಮಿ ಡಾಲ್ಫಿನ್ಸ್ ಎದುರು, 38-24. ಮಯಾಮಿ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೊ ಕೈಯಲ್ಲಿ ಚೆಂಡು ನಿಲ್ಲುತ್ತಲೇ ಇರಲಿಲ್ಲ, ಅದು ಒಂದು ಕಾರಣ. ಇನ್ನೊಂದು, ಮಯಾಮಿ ಮೂರು ರಿಸೀವರ್‌ಗಳನ್ನು ಅಗಲಕ್ಕೆ ನಿಲ್ಲಿಸಿತು. ನುಗ್ಗುವುದಕ್ಕೇ ಹುಟ್ಟಿದಂಥವರು ರಿಸೀವರ್‌ಗಳ ಹಿಂದೆ ಓಡಬೇಕಾಯಿತು. ಅಗಲಕ್ಕೆ ನಿಂತರೆ ಇನ್ನೊಂದು ಲಾಭ: ಯಾರು ಬರುತ್ತಿದ್ದಾರೆ ಅನ್ನುವುದು ಬಚ್ಚಿಡಲು ಆಗುವುದಿಲ್ಲ.

ಮ್ಯಾನ್ ಕವರೇಜ್‌ಗೆ

ಬ್ಲಿಟ್ಜ್ ಇಲ್ಲ, ಬರೀ ಮ್ಯಾನ್ ಇದೆ ಅಂದರೆ ಸ್ವಲ್ಪ ಉಸಿರಾಡಲು ಸಮಯ ಇದೆ. ಇಲ್ಲಿ ನೆನಪಿಡಬೇಕಾದ್ದು, ಅಂಟಿಕೊಂಡು ಓಡುವವನ ಕಣ್ಣು ನಿಮ್ಮ ಮೇಲಿದೆ, ಬೇರೇನೂ ಕಾಣುವುದಿಲ್ಲ. ದಾರಿಯಲ್ಲಿ ಏನು ಅಡ್ಡ ಬಂತು ಅಂತಲೂ ಕಾಣುವುದಿಲ್ಲ. ಝೋನ್‌ನಲ್ಲಿ ಖಾಲಿ ಜಾಗ ಹುಡುಕಿ ನಿಲ್ಲಬೇಕು. ಮ್ಯಾನ್‌ನಲ್ಲಿ ನಿಂತರೆ ಕೆಟ್ಟಿರಿ, ಓಡುತ್ತಲೇ ಇರಬೇಕು. ಅಡ್ಡಕ್ಕೆ ಓಡಿದರೆ ಇನ್ನೂ ಒಳ್ಳೆಯದು.

ಇದಕ್ಕೆ ಮೆಶ್. ಬಿವೈಯು ಕಾಲೇಜು ತಂಡದ ಕಡೆಯಿಂದ ಕಲಿತು ಹಾಲ್ ಮಮ್ಮಿ, ಮೈಕ್ ಲೀಚ್ ಅನ್ನುವ ಕೋಚ್ ಜೋಡಿ ತಮ್ಮ ಏರ್ ರೇಡ್ ಅನ್ನುವ ಪಾಸ್ ಆಟದ ಬೆನ್ನೆಲುಬು ಮಾಡಿಕೊಂಡ ಪ್ಲೇ. ಲೀಚ್ ಆಮೇಲೆ ಇದೇ ಟೆಕ್ಸಸ್‌ನ ಲಬಕ್‌ನಲ್ಲಿ, ಟೆಕ್ಸಸ್ ಟೆಕ್‌ನಲ್ಲಿ ಕೋಚ್ ಆಗಿದ್ದವರು, ಹಾಗಾಗಿ ಇಲ್ಲಿನ ಹೈಸ್ಕೂಲ್‌ಗಳಲ್ಲಿ ಇದು ಮನೆಮಾತು.

ಟೇಬಲ್ ಮೇಲೆ ಇಟ್ಟು ನೋಡಿ. ಎರಡು ಕಡೆಯಿಂದ ಒಬ್ಬೊಬ್ಬ ರಿಸೀವರ್ ಒಳಕ್ಕೆ ಅಡ್ಡ ಓಡುತ್ತಾರೆ. ಒಬ್ಬ 6 ಯಾರ್ಡ್ ಆಳದಲ್ಲಿ. ಇನ್ನೊಬ್ಬ ಅವನ ಕೆಳಗೇ, 5 ಯಾರ್ಡಿನಲ್ಲಿ. ನಡುವೆ ಇಬ್ಬರೂ ದಾಟುವಾಗ ಕೈಗೆ ಕೈ ತಟ್ಟುವಷ್ಟು ಹತ್ತಿರ ಇರಬೇಕು. ಇವರ ಹಿಂದೆ ಬರುವ ಇಬ್ಬರು ಡಿಫೆಂಡರ್‌ಗಳಿಗೆ ಆ ಸಂದಿಯಲ್ಲಿ ಜಾಗ ಎಲ್ಲಿ? ಒಬ್ಬ ಸುತ್ತಿಕೊಂಡು ಹೋಗಬೇಕು, ಇಲ್ಲವೇ ತಮ್ಮವನಿಗೇ ಗುದ್ದಿಕೊಳ್ಳಬೇಕು. ಎರಡು ಹೆಜ್ಜೆ ಅಂತರ ಸಿಕ್ಕಿತು. ಒಂದು ಹೊರ ರಿಸೀವರ್ ಮೂಲೆಗೆ ಓಡಿ ಸೇಫ್ಟಿಯನ್ನು ಎಳೆದುಕೊಂಡು ಹೋಗುತ್ತಾನೆ, ರನ್ನಿಂಗ್ ಬ್ಯಾಕ್ ಪಕ್ಕಕ್ಕೆ ಜಾರುತ್ತಾನೆ. ಕ್ವಾರ್ಟರ್‌ಬ್ಯಾಕ್ ದಾಟಿ ಹೊರಬಂದವನ ಎದೆಯ ಮುಂದಕ್ಕೆ ಎಸೆಯಬೇಕು. ಅವನು ನಿಲ್ಲದೆ ಓಡುತ್ತಲೇ ಹಿಡಿಯಬೇಕು.

ನಮ್ಮ ಹುಡುಗರ ಮೆಶ್ ಮೊದಮೊದಲು ಕೆಟ್ಟದಾಗಿತ್ತು. ಡಿಕ್ಕಿ ಹೊಡೆಯುವ ಭಯಕ್ಕೆ ಮೂರು ಯಾರ್ಡ್ ದೂರದಿಂದ ದಾಟುತ್ತಿದ್ದರು. ಆ ಸಂದಿಯಲ್ಲಿ ಎತ್ತಿನ ಗಾಡಿ ಹೋಗಬಹುದಿತ್ತು. ಕೋಚ್ ಇಬ್ಬರಿಗೂ ನಿಜವಾಗಿಯೇ ಕೈ ತಟ್ಟಿ ದಾಟಲು ಹೇಳಿದರು, ಚಟ್ ಅಂತ ಸದ್ದು ಬರಬೇಕು. ಸದ್ದು ಬರದಿದ್ದರೆ ಮತ್ತೆ ಶುರು. ಆಗಸ್ಟ್ ಬಿಸಿಲಿನಲ್ಲಿ ಒಂದು ವಾರ ಅದೇ ಚಟ್ ಚಟ್.

ಒಂದು ಎಚ್ಚರ. ಬೇಕಂತಲೇ ಡಿಫೆಂಡರ್‌ಗೆ ಅಡ್ಡ ಹೋಗಿ ಗುದ್ದುವ ಹಾಗಿಲ್ಲ. ಎನ್‌ಎಫ್‌ಎಲ್‌ನಲ್ಲಿ ಚೆಂಡಿನ ಗೆರೆಯಿಂದ 1 ಯಾರ್ಡ್ ಒಳಗಾದರೆ ತಡೆಯಬಹುದು, ಅದರಾಚೆ ಪಾಸ್ ಪ್ಲೇಯಲ್ಲಿ ಸ್ನ್ಯಾಪ್ ಆದಾಗಿನಿಂದ ಚೆಂಡನ್ನು ಯಾರಾದರೂ ಮುಟ್ಟುವವರೆಗೆ ತಡೆದರೆ ಫ್ಲ್ಯಾಗ್, ಅಂದರೆ ದಂಡ. ಮೆಶ್‌ನಲ್ಲಿ ನಿಮ್ಮವನು ತನ್ನ ದಾರಿಯಲ್ಲಿ ತಾನು ಓಡುತ್ತಿರಬೇಕು. ಗುದ್ದಿಕೊಳ್ಳುವುದಾದರೆ ಅವರೇ ಗುದ್ದಿಕೊಳ್ಳಲಿ. ಬೀಳಿಸುವ ಬದಲು ಸೊಂಟದ ಪಟ್ಟಿ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಅನ್ನು ಮಕ್ಕಳಿಗೆ ಆಡಿಸುವವರು ಇನ್ನೂ ಹುಷಾರಾಗಿರಿ, ಅಲ್ಲಿ ಬಹುಪಾಲು ಕಡೆ ಬ್ಲಾಕ್ ಅನ್ನುವುದೇ ಇಲ್ಲ.

ರಿಸೀವರ್‌ಗಳ ಮೂತಿಗೇ ಬಂದು ನಿಂತು, ಹೊರಡಲೂ ಬಿಡದೆ ತಳ್ಳುವ ಕಾರ್ನರ್‌ಗಳು ಇರುತ್ತಾರೆ. ಅವರಿಗೆ ಬಂಚ್. ಮೂರು ರಿಸೀವರ್‌ಗಳನ್ನು ಒಂದೇ ಗೊಂಚಲಾಗಿ ನಿಲ್ಲಿಸಿ. ಮುಂದಿನವನನ್ನು ತಳ್ಳಬಹುದು, ಹಿಂದಿನ ಇಬ್ಬರನ್ನು ಮುಟ್ಟಲೂ ಆಗುವುದಿಲ್ಲ. ಯಾರು ಯಾರ ಹಿಂದೆ ಹೋಗಬೇಕು ಅಂತ ಅವರವರಲ್ಲೇ ಗೊಂದಲ ಬೇರೆ.

ಆ ಗೊಂದಲವನ್ನೇ ಅಸ್ತ್ರ ಮಾಡಿಕೊಂಡದ್ದು ಕ್ಯಾನ್ಸಸ್ ಸಿಟಿ ಚೀಫ್ಸ್ ಕೋಚ್ ಆಂಡಿ ರೀಡ್. 2023ರ ಫೆಬ್ರವರಿ 12, ಸೂಪರ್ ಬೌಲ್ 57, ಫಿಲಡೆಲ್ಫಿಯಾ ಈಗಲ್ಸ್ ಎದುರು. ನಾಲ್ಕನೇ ಕ್ವಾರ್ಟರ್, 5 ಯಾರ್ಡ್ ಗೆರೆ. ಬಲಗಡೆ ಹೊರಗಿದ್ದ ಕಡಾರಿಯಸ್ ಟೋನಿ ಮೋಷನ್‌ನಲ್ಲಿ ಒಳಕ್ಕೆ ಓಡಿ ಬಂದ. ಆ ಕಡೆಗೆ ದಾಟುತ್ತಾನೆ ಅಂದುಕೊಂಡು ಈಗಲ್ಸ್ ಡಿಫೆಂಡರ್‌ಗಳು ಅವನನ್ನು ಕೈ ಬದಲಾಯಿಸಿಕೊಳ್ಳಲು ಹೊರಟರು. ಅಷ್ಟರಲ್ಲಿ ಅವನು ಗಕ್ಕನೆ ತಿರುಗಿ ಬಂದ ದಾರಿಯಲ್ಲೇ ಹೊರಕ್ಕೆ ಓಡಿದ. ಪ್ಯಾಟ್ರಿಕ್ ಮಹೋಮ್ಸ್ ಚೆಂಡು ಕೊಟ್ಟಾಗ ಅವನ ಹತ್ತಿರ ಒಬ್ಬರೂ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಲ್ಲಿ, 4 ಯಾರ್ಡಿನಿಂದ, ಅದೇ ಆಟ, ಈ ಸಲ ಸ್ಕೈ ಮೂರ್. ಅದೂ ಟಚ್‌ಡೌನ್. ಚೀಫ್ಸ್ 38-35ರಲ್ಲಿ ಗೆದ್ದರು. ಖೋಖೋ ಆಡಿದವರಿಗೆ ಇದು ಹೊಸದಲ್ಲ ಬಿಡಿ. ಕಂಬದ ಹತ್ತಿರ ಹೋದಂತೆ ಮಾಡಿ ವಾಪಸ್ ತಿರುಗುವುದು ನಮ್ಮೂರ ಶಾಲೆ ಮೈದಾನದಲ್ಲಿ ದಿನಾ ನಡೆಯುತ್ತಿತ್ತು.

ಇನ್ನೊಂದು ಉಪಾಯ, ಜೋಡಿ ನೋಡುವುದು. ಮ್ಯಾನ್ ಅಂದರೆ ಐದು ಜೋಡಿ. ಐದರಲ್ಲಿ ಒಂದು ಜೋಡಿಯಾದರೂ ಅವರಿಗೆ ನಷ್ಟದ್ದಾಗಿರುತ್ತದೆ. ಹೆಚ್ಚಿನ ಸಲ ಅದು ದಪ್ಪನೆ ಲೈನ್‌ಬ್ಯಾಕರ್ ಮತ್ತು ನಮ್ಮ ಚುರುಕು ರನ್ನಿಂಗ್ ಬ್ಯಾಕ್. ರನ್ನಿಂಗ್ ಬ್ಯಾಕ್ ಮೊದಲು ಪಕ್ಕಕ್ಕೆ ಓಡಿ, ಆಮೇಲೆ ಅಂಚು ಹಿಡಿದು ಮೇಲಕ್ಕೆ ಹೋದರೆ ಅದು ವೀಲ್. ಪಕ್ಕಕ್ಕೆ ಹೋದಂತೆ ಮಾಡಿ ಒಳಕ್ಕೆ ಓರೆಯಾಗಿ ಬಂದರೆ ಆಂಗಲ್. ಲೈನ್‌ಬ್ಯಾಕರ್ ಹೊರಗಡೆಗೆ ಜೋರಾಗಿ ಓಡಿ ಬಂದರೆ ಆಂಗಲ್, ನಿಧಾನಕ್ಕೆ ಬಂದರೆ ವೀಲ್.

ಟೂ ಮ್ಯಾನ್ ಇದ್ದಾಗ ಫೇಡ್ ಮರೆತುಬಿಡಿ, ಮೇಲೆ ಇಬ್ಬರು ಸೇಫ್ಟಿಗಳು ಕಾದು ಕೂತಿದ್ದಾರೆ. ಅಲ್ಲಿ ಅಡ್ಡ ಓಟ, ಅಥವಾ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡುವುದು. ಐವರೂ ರಿಸೀವರ್‌ಗಳ ಹಿಂದೆ ಬೆನ್ನು ತಿರುಗಿಸಿ ಓಡುತ್ತಿರುತ್ತಾರೆ. ನಡುವೆ ಹೆದ್ದಾರಿ.

ಬ್ಲಿಟ್ಜ್ ಬಂತು, ಆದರೆ ಮ್ಯಾನ್ ಅಲ್ಲ

ಈಗ ಆ ಅಪಾಯದ ಮಾತು. ಡಿಫೆನ್ಸ್ ಒಂದು ಕಡೆಯಿಂದ ಲೈನ್‌ಬ್ಯಾಕರ್‌ನನ್ನು ನುಗ್ಗಿಸಿ, ಇನ್ನೊಂದು ಕಡೆಯಿಂದ ಸದಾ ನುಗ್ಗುವವನನ್ನು ಹಿಂದಕ್ಕೆ ಕಳಿಸಬಹುದು. ಇದು ಝೋನ್ ಬ್ಲಿಟ್ಜ್. ಡಿಕ್ ಲೆಬೊ ಅನ್ನುವ ಕೋಚ್ ಇದರಲ್ಲಿ ಹೆಸರುವಾಸಿ. ಕ್ವಾರ್ಟರ್‌ಬ್ಯಾಕ್ ಬ್ಲಿಟ್ಜ್ ಕಂಡು, ಸ್ಲ್ಯಾಂಟ್ ಅಂತ ಕಣ್ಣು ಮುಚ್ಚಿ ಎಸೆಯುತ್ತಾನೆ. ಆ ದಾರಿಯಲ್ಲಿ ಯಾರೂ ನಿರೀಕ್ಷಿಸದ ಒಬ್ಬ ದಢಿಯ ನಿಂತಿರುತ್ತಾನೆ.

2009ರ ಫೆಬ್ರವರಿ 1, ಸೂಪರ್ ಬೌಲ್ 43. ಲೆಬೊ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಡಿಫೆನ್ಸ್ ನೋಡಿಕೊಳ್ಳುತ್ತಿದ್ದರು. ಮೊದಲರ್ಧದ ಕೊನೆ, ಅರಿಜೋನಾ ಕಾರ್ಡಿನಲ್ಸ್ ಗೋಲ್ ಗೆರೆಗೆ 1 ಯಾರ್ಡ್ ದೂರ. ಕರ್ಟ್ ವಾರ್ನರ್ ಬೇಗ ಒಳಕ್ಕೆ ಎಸೆದ. ಬ್ಲಿಟ್ಜ್ ಹೋಗಬೇಕಿದ್ದ ಜೇಮ್ಸ್ ಹ್ಯಾರಿಸನ್ ಹೋಗದೆ ಹಿಂದೆ ಸರಿದು ಅಲ್ಲೇ ನಿಂತಿದ್ದ. ಚೆಂಡು ಹಿಡಿದವನು 100 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. ಸ್ಟೀಲರ್ಸ್ 27-23ರಲ್ಲಿ ಗೆದ್ದರು. ಆ ವಿಡಿಯೊ ಮಗನಿಗೆ ಎಷ್ಟು ಸಲ ತೋರಿಸಿದ್ದೇನೆ ಅಂದರೆ, ಈಗ ಹ್ಯಾರಿಸನ್ ಹೆಸರು ಎತ್ತಿದರೆ ಎದ್ದು ಹೋಗುತ್ತಾನೆ.

ಪರಿಹಾರ ಇಷ್ಟೆ: ಯಾರು ಬಂದರು ಅಂತ ನೋಡಿದರೆ ಸಾಲದು, ಖಾಲಿಯಾಯಿತು ಅಂದುಕೊಂಡ ಜಾಗ ನಿಜವಾಗಿ ಖಾಲಿಯಾಗಿದೆಯಾ ಅಂತ ಒಂದು ಕಣ್ಣು ಹಾಕಿಯೇ ಎಸೆಯಬೇಕು. ಅನುಮಾನ ಇದ್ದರೆ ಚೆಂಡನ್ನು ರಿಸೀವರ್‌ನ ಕಾಲಬುಡಕ್ಕೆ ಎಸೆದುಬಿಡಿ. ಹತ್ತಿರದಲ್ಲಿ ಒಬ್ಬ ರಿಸೀವರ್ ಇದ್ದರೆ ತಪ್ಪೇನಲ್ಲ. ಒಂದು ಡೌನ್ ಹೋಗುತ್ತದೆ, ಪಂದ್ಯ ಉಳಿಯುತ್ತದೆ.

ಪ್ಲೇ ಪಟ್ಟಿ ಎಷ್ಟು ಉದ್ದ ಇರಬೇಕು

ಚಿಕ್ಕದಿರಬೇಕು. ಕ್ವಾರ್ಟರ್‌ಬ್ಯಾಕ್ ಮುಂಗೈಗೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ ನಮ್ಮ ಕೋಚ್ ಮೊದಲು 40 ಪ್ಲೇ ತುಂಬಿದ್ದರು. ಬ್ಲಿಟ್ಜ್ ಬರುವಾಗ ಆ ಇರುವೆ ಅಕ್ಷರ ಓದುವವರು ಯಾರು? ಮಗ ಮೂರು ಸಲ ನೆಲಕ್ಕೆ ಬಿದ್ದ ಆ ವಾರವೇ ಅವರು ನನ್ನ ವಿಡಿಯೊ ಕೇಳಿದರು. ಪ್ರತಿ ಪ್ಲೇಗೂ ಎಷ್ಟು ಜನ ನುಗ್ಗಿದರು, ಸೇಫ್ಟಿ ಎಲ್ಲಿದ್ದ ಅಂತ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮಸಾಲೆ ಡಬ್ಬಿಗೆ ಅಂಟಿಸುವ ಚೀಟಿಯ ಮೇಲೆ ಬರೆದುಕೊಟ್ಟೆ, ಮನೆಯಲ್ಲಿ ಅದೇ ಇತ್ತು. ಅದನ್ನು ನೋಡಿ ಅವರೇ ಪಟ್ಟಿಯಲ್ಲಿ ಒಂದು ಮೂಲೆಗೆ ಕೆಂಪು ಬಣ್ಣ ಬಳಿದು ಮೂರೇ ಪ್ಲೇ ಹಾಕಿದರು: ಸ್ಲ್ಯಾಂಟ್, ಮೆಶ್, ಮತ್ತು ಅವರ ಪ್ರೀತಿಯ ಸ್ಕ್ರೀನ್. ಹಿಂದೆ ಸೇಫ್ಟಿ ಯಾರೂ ಇಲ್ಲದಿದ್ದರೆ ಮೊದಲನೆಯದು. ಒಬ್ಬನಿದ್ದು ಮೋಷನ್‌ಗೆ ಡಿಫೆಂಡರ್ ಹಿಂಬಾಲಿಸಿದರೆ ಎರಡನೆಯದು. ಬ್ಲಿಟ್ಜ್ ಬರುವ ಲಕ್ಷಣ ಇದೆ, ಆದರೆ ಮೋಷನ್‌ಗೆ ಯಾರೂ ಹಿಂಬಾಲಿಸಲಿಲ್ಲ ಅಂದರೆ ಮೂರನೆಯದು.

ಮೂರನೇ ಡೌನ್, ಇನ್ನೂ 15 ಯಾರ್ಡ್ ಬೇಕು ಅಂದಾಗಲೂ ಇದೇ ಕೆಂಪು ಮೂಲೆಯಾ ಅಂತ ಒಬ್ಬರು ಅಪ್ಪ ನನ್ನನ್ನು ಕೇಳಿದರು. ಬ್ಲಿಟ್ಜ್ ಬರುವ ತಂಡವಾದರೆ ಹೌದು. ಕವರ್ ಝೀರೊದಲ್ಲಿ 5 ಯಾರ್ಡಿನಲ್ಲಿ ಹಿಡಿದ ಸ್ಲ್ಯಾಂಟ್ 50 ಯಾರ್ಡ್ ಆಗಬಹುದು, ಯಾಕೆಂದರೆ ಒಬ್ಬನನ್ನು ತಪ್ಪಿಸಿದರೆ ಹಿಂದೆ ಇನ್ನೊಬ್ಬನಿಲ್ಲ. 15 ಯಾರ್ಡ್ ಬೇಕು ಅಂತ 15 ಯಾರ್ಡ್ ದೂರಕ್ಕೇ ಎಸೆಯಬೇಕಾಗಿಲ್ಲ.

ಮೂರು ವಾರದ ಮೇಲೆ ಬೇರೆ ಶಾಲೆ ಜೊತೆ ಪಂದ್ಯ. ಎರಡನೇ ಕ್ವಾರ್ಟರ್‌ನಲ್ಲಿ ಸೇಫ್ಟಿ ಮೆಲ್ಲಗೆ ಮುಂದೆ ಜಾರಿದ. ಲೈನ್‌ಬ್ಯಾಕರ್‌ನ ಹಿಮ್ಮಡಿ ಎದ್ದಿತು. ಮಗ ಮುಂಗೈ ಪಟ್ಟಿ ನೋಡಲೂ ಇಲ್ಲ, ಕೈಯೆತ್ತಿ ಒಳಗಿನ ರಿಸೀವರ್‌ಗೆ ಸನ್ನೆ ಮಾಡಿದ. ಸ್ನ್ಯಾಪ್. ಮೂರನೇ ಕಬಡ್ಡಿಗೇ ಚೆಂಡು ಹೋಯಿತು, ನುಗ್ಗಿ ಬಂದವನ ಕಿವಿಯ ಪಕ್ಕದಿಂದ, ಅವನು ಬಿಟ್ಟು ಬಂದ ಜಾಗಕ್ಕೆ. ರಿಸೀವರ್ ಕೈಗೆ ಬಂತು, ಜಾರಿ ಬಿತ್ತು.

"ಮತ್ತೆ ಅದನ್ನೇ ಕರೀರಿ," ಅಂತ ನಾನು ಗ್ಯಾಲರಿಯಿಂದ ಕನ್ನಡದಲ್ಲೇ ಕೂಗಿದೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಕೋಚ್‌ಗೆ ಅರ್ಥವಾಗಿರಲಾರದು. ಆದರೂ ಮುಂದಿನ ಪ್ಲೇ ಅದೇ ಬಂತು, ಈ ಸಲ ಹುಡುಗ ಹಿಡಿದ, 22 ಯಾರ್ಡ್. ಅವತ್ತು ಅವರು ಮತ್ತೆ ಎರಡೇ ಸಲ ಬ್ಲಿಟ್ಜ್ ಕಳಿಸಿದ್ದು. ನನ್ನ ಚೀಟಿಯಲ್ಲಿದೆ.